ಕೋವಿಡ್ ಲಸಿಕೆ ತಡವಾಯಿತಾ, ಆತುರವಾಯಿತಾ? ಪದೇ ಪದೇ ಕೇಳುವ ಪ್ರಶ್ನೆಗಳು

2021ರ ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತಿತ್ತು: ಲಸಿಕೆ ಯಾಕೆ ಇಷ್ಟು ನಿಧಾನ? ನಾಲ್ಕು ವರ್ಷ ಕಳೆದು ಹಾಸನದ ಹೃದಯಾಘಾತಗಳ ಸುದ್ದಿ ಬಂದಾಗ ಅದೇ ಜನ ಕೇಳಿದರು: ಅಷ್ಟು ಆತುರದಲ್ಲಿ ಯಾಕೆ ಕೊಟ್ಟರು? ಎರಡೂ ನ್ಯಾಯವಾದ ಪ್ರಶ್ನೆಗಳೇ. ಎರಡಕ್ಕೂ ಉತ್ತರ ಇದೆ. ಆದರೆ ವಾಟ್ಸಾಪಿನಲ್ಲಿ ಓಡಾಡುವ ಉತ್ತರಗಳಲ್ಲಿ ಅರ್ಧ ಮಾತ್ರ ನಿಜ ಇರುತ್ತದೆ.

ನಾನು ವೈದ್ಯೆ ಅಲ್ಲ. ಆ ಮೇ ತಿಂಗಳಲ್ಲಿ ನಮ್ಮ ಬೀದಿಯ ಅಂಗಡಿಯವರಿಗೆ, ಮನೆಗೆಲಸಕ್ಕೆ ಬರುವ ಅಕ್ಕಂದಿರಿಗೆ ಮೊಬೈಲಿನಲ್ಲಿ ಸ್ಲಾಟ್ ಹಿಡಿದುಕೊಡುತ್ತಿದ್ದ ನಾಲ್ಕಾರು ಜನರಲ್ಲಿ ನಾನೂ ಒಬ್ಬಳು. ಆಗಿನಿಂದ ನನ್ನನ್ನು ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ನಮ್ಮಲ್ಲಿ ಲಸಿಕೆ ಶುರುವಾದದ್ದು ಯಾವಾಗ? ಯಾರಿಗೆ ಮೊದಲು?

2021ರ ಜನವರಿ 16ರಂದು. ಮೊದಲು ಆಸ್ಪತ್ರೆ ಸಿಬ್ಬಂದಿಗೆ, ಫೆಬ್ರವರಿಯಲ್ಲಿ ಪೊಲೀಸರು, ಪೌರಕಾರ್ಮಿಕರಂಥ ಮುಂಚೂಣಿ ಕೆಲಸಗಾರರಿಗೆ. ಮಾರ್ಚ್ 1ರಿಂದ 60 ದಾಟಿದವರಿಗೆ ಮತ್ತು ಬೇರೆ ಕಾಯಿಲೆ ಇರುವ 45 ದಾಟಿದವರಿಗೆ. ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ. ಮೇ 1ರಿಂದ 18 ದಾಟಿದವರಿಗೆ. ಮಕ್ಕಳ ಸರದಿ ಬಂದದ್ದು 2022ರಲ್ಲಿ. ಜನವರಿ 3ರಿಂದ 15ರಿಂದ 18ರವರಿಗೆ, ಮಾರ್ಚ್ 16ರಿಂದ 12ರಿಂದ 14ರವರಿಗೆ.

ಬೇರೆ ದೇಶಗಳಿಗಿಂತ ನಾವು ನಿಜವಾಗಿಯೂ ಹಿಂದೆ ಬಿದ್ದಿದ್ದೆವಾ?

ಹೇಗೆ ಲೆಕ್ಕ ಹಾಕುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಟಿವಿಯಲ್ಲಿ ನಡೆದ ಜಗಳದ ಅರ್ಧ ಭಾಗ ಈ ಲೆಕ್ಕದ್ದೇ.

ಒಟ್ಟು ಡೋಸ್ ಎಣಿಸಿದರೆ ಭಾರತ ಶುರುವಿನಿಂದಲೂ ಜಗತ್ತಿನ ಮೊದಲ ಸಾಲಿನಲ್ಲಿತ್ತು. 2021ರ ಮೇ ಕೊನೆಗೆ ಸುಮಾರು 21 ಕೋಟಿ ಡೋಸ್ ಕೊಟ್ಟಾಗಿತ್ತು. ಸರ್ಕಾರ ಹೇಳುತ್ತಿದ್ದದ್ದು ಈ ಲೆಕ್ಕ. ಅದು ಸುಳ್ಳಲ್ಲ. ಆದರೆ ನೂರು ಜನರಲ್ಲಿ ಎಷ್ಟು ಜನಕ್ಕೆ ಎರಡೂ ಡೋಸ್ ಆಗಿದೆ ಅಂತ ನೋಡಿ. ಅದೇ ಮೇ ಕೊನೆಗೆ ಆ ಸಂಖ್ಯೆ ನಮ್ಮಲ್ಲಿ 3ರ ಆಸುಪಾಸು. ಅಮೆರಿಕದಲ್ಲಿ ಅದೇ ವಾರ ವಯಸ್ಕರಲ್ಲಿ ಅರ್ಧದಷ್ಟು ಜನಕ್ಕೆ ಎರಡೂ ಡೋಸ್ ಮುಗಿದಿತ್ತು. ಇಸ್ರೇಲ್ ಫೆಬ್ರವರಿ ಕೊನೆಗೇ ತನ್ನ ಅರ್ಧ ಜನಸಂಖ್ಯೆಗೆ ಕನಿಷ್ಠ ಒಂದು ಡೋಸ್ ಕೊಟ್ಟಿತ್ತು.

ಇಸ್ರೇಲ್ ಪುಟ್ಟ ದೇಶ, ಅದಕ್ಕೂ ನಮಗೂ ಹೋಲಿಕೆ ಏನು ಅಂತ ಕೇಳಬಹುದು. ಸರಿಯಾದ ಮಾತು. ನಮ್ಮ ವಯಸ್ಕರೇ ಸುಮಾರು 94 ಕೋಟಿ. ಒಬ್ಬೊಬ್ಬರಿಗೆ ಎರಡು ಅಂದರೂ 188 ಕೋಟಿ ಡೋಸ್ ಬೇಕು. ಆದರೆ ನಾವು ಎಷ್ಟು ಜನ ಇದ್ದೇವೆ ಅನ್ನುವುದು 2020ರಲ್ಲೇ ಗೊತ್ತಿತ್ತಲ್ವಾ? ದೊಡ್ಡ ಮದುವೆ ಇದ್ದರೆ ಅಕ್ಕಿ ಮೊದಲೇ ತರಿಸುತ್ತೇವೆ. ಪಂಕ್ತಿ ಕೂತ ಮೇಲೆ ಅಂಗಡಿಗೆ ಓಡುವುದಿಲ್ಲ.

ಜಗತ್ತಿನ ಅತಿ ದೊಡ್ಡ ಲಸಿಕೆ ಕಂಪನಿ ಪುಣೆಯಲ್ಲೇ ಇತ್ತು. ಆದರೂ ನಮಗೆ ಕೊರತೆ ಯಾಕೆ?

ನನ್ನ ಮಟ್ಟಿಗೆ ಇಡೀ ಚರ್ಚೆಯ ಗಂಟು ಇರುವುದು ಇಲ್ಲಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಲಸಿಕೆ ತೋಳಿಗೆ ಬರುವ ಮೊದಲು ಮೂರು ಹಂತ ದಾಟಬೇಕು. ಯಾರೋ ಆರ್ಡರ್ ಕೊಡಬೇಕು, ಯಾರೋ ತಯಾರಿಸಬೇಕು, ಆಮೇಲೆ ಸಾಗಿಸಿ ಚುಚ್ಚಬೇಕು. ಮೂರನೆಯದರಲ್ಲಿ ನಾವು ಪಳಗಿದವರು. ಪೋಲಿಯೋ ಹನಿ ಹಾಕಿಸಿದ ದೇಶ ನಮ್ಮದು. ಆಶಾ ಕಾರ್ಯಕರ್ತೆಯರು, ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಲಸಿಕೆ ಪೆಟ್ಟಿಗೆ ಹೊತ್ತು ಹೋಗುವ ನರ್ಸಮ್ಮಂದಿರು ಎಲ್ಲ ಮೊದಲಿಂದಲೇ ಇದ್ದರು. ಎಡವಿದ್ದು ಮೊದಲ ಎರಡರಲ್ಲಿ.

ಅಮೆರಿಕ, ಬ್ರಿಟನ್‌ಗಳು 2020ರ ಬೇಸಿಗೆಯಲ್ಲೇ, ಲಸಿಕೆ ಕೆಲಸ ಮಾಡುತ್ತದೋ ಇಲ್ಲವೋ ಗೊತ್ತಿಲ್ಲದಾಗಲೇ, ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡವು. ಜುಲೈ 2020ರಲ್ಲಿ ಅಮೆರಿಕ ಫೈಜರ್ ಒಂದರಿಂದಲೇ 10 ಕೋಟಿ ಡೋಸ್ ಕಾದಿರಿಸಿತು. ಲಸಿಕೆ ಕೈಕೊಟ್ಟಿದ್ದರೆ ದುಡ್ಡು ನೀರುಪಾಲು. ಗೊತ್ತಿದ್ದೇ ಆ ಅಪಾಯ ತೆಗೆದುಕೊಂಡರು. ನಮ್ಮಲ್ಲಿ ಪುಣೆಯ ಆ ಕಂಪನಿ, ಸೀರಂ ಇನ್‌ಸ್ಟಿಟ್ಯೂಟ್, ತನ್ನದೇ ಧೈರ್ಯದ ಮೇಲೆ ಅನುಮತಿಗೆ ಮೊದಲೇ ಕೋಟಿಗಟ್ಟಲೆ ಡೋಸ್ ತಯಾರಿಸಿ ಇಟ್ಟಿತ್ತು. ಸರ್ಕಾರದ ಮೊದಲ ಆರ್ಡರ್ ಬಂದದ್ದು 2021ರ ಜನವರಿಯಲ್ಲಿ. ಎಷ್ಟು ಗೊತ್ತಾ? ಸೀರಂ ತಯಾರಿಸಿದ ಕೋವಿಶೀಲ್ಡ್ 1.1 ಕೋಟಿ, ಭಾರತ್ ಬಯೋಟೆಕ್ ಕಂಪನಿಯ ಕೋವ್ಯಾಕ್ಸಿನ್ 55 ಲಕ್ಷ. ಮೇ ಮೊದಲ ವಾರದಲ್ಲಿ ಸೀರಂ ತಾನೇ ಹೇಳಿಕೊಂಡಂತೆ ಅಲ್ಲಿಯವರೆಗೆ ಬಂದ ಒಟ್ಟು ಆರ್ಡರ್ 26 ಕೋಟಿ. ಬೇಕಿದ್ದದ್ದು 188 ಕೋಟಿ.

ದುಡ್ಡಿರಲಿಲ್ಲವಾ ಅಂದರೆ ಇತ್ತು. ಆ ವರ್ಷದ ಬಜೆಟ್‌ನಲ್ಲಿ ಲಸಿಕೆಗೆ ಅಂತಲೇ 35,000 ಕೋಟಿ ರೂಪಾಯಿ ತೆಗೆದಿಟ್ಟಿದ್ದರು. ಉತ್ಪಾದನೆ ಹೆಚ್ಚಿಸಲು ಸೀರಂಗೆ 3,000 ಕೋಟಿ, ಭಾರತ್ ಬಯೋಟೆಕ್‌ಗೆ 1,500 ಕೋಟಿ ಮುಂಗಡಕ್ಕೆ ಒಪ್ಪಿಗೆ ಸಿಕ್ಕಿದ್ದು ಏಪ್ರಿಲ್‌ನಲ್ಲಿ. ಆ ಹೊತ್ತಿಗೆ ಎರಡನೇ ಅಲೆ ಮನೆಯೊಳಗೆ ಬಂದಾಗಿತ್ತು. ಲಸಿಕೆ ಕಾರ್ಖಾನೆ ಅಂದರೆ ಸ್ವಿಚ್ ಹಾಕಿದ ತಕ್ಷಣ ಓಡುವ ಯಂತ್ರ ಅಲ್ಲ. ಇವತ್ತು ಕೊಟ್ಟ ದುಡ್ಡಿನ ಲಸಿಕೆ ಸೀಸೆಗೆ ಬರಲು ತಿಂಗಳುಗಳು ಬೇಕು. ಕೋವ್ಯಾಕ್ಸಿನ್‌ಗೆ ಇನ್ನೂ ಜಾಸ್ತಿ. ಅದಕ್ಕೆ ಜೀವಂತ ವೈರಸ್ ಬೆಳೆಸಿ, ಆಮೇಲೆ ಕೊಲ್ಲಬೇಕು. ಅಂಥ ಭದ್ರತೆ ಇರುವ ಕಟ್ಟಡಗಳೇ ದೇಶದಲ್ಲಿ ಬೆರಳೆಣಿಕೆಯಷ್ಟು. ಅದಕ್ಕಾಗಿಯೇ ಕಂಪನಿ ನಮ್ಮ ಕೋಲಾರ ಜಿಲ್ಲೆಯ ಮಾಲೂರಿನ ಘಟಕದ ಕಡೆಗೂ ನೋಡಿದ್ದು.

ಕಚ್ಚಾ ವಸ್ತುವಿನ ತೊಂದರೆಯೂ ಇತ್ತು. ಅಮೆರಿಕ ತನ್ನ ಕಂಪನಿಗಳಿಗೆ ಮೊದಲು ಸಿಗಲಿ ಅಂತ ಕೆಲವು ಸಾಮಗ್ರಿಗಳನ್ನು ಬಿಗಿಹಿಡಿದಿತ್ತು. ಸೀರಂ ಮುಖ್ಯಸ್ಥ ಅದಾರ್ ಪೂನಾವಾಲಾ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷರಿಗೇ ಬಹಿರಂಗವಾಗಿ ಮನವಿ ಮಾಡಿದ್ದು ನೆನಪಿರಬಹುದು.

ಲಸಿಕೆಯನ್ನೆಲ್ಲ ಹೊರದೇಶಕ್ಕೆ ಕಳಿಸಿದ್ದೇ ಕಾರಣ ಅಂತಾರಲ್ಲ?

ಕಳಿಸಿದ್ದು ನಿಜ. ‘ವ್ಯಾಕ್ಸಿನ್ ಮೈತ್ರಿ’ ಅಂತ ಜನವರಿ 20ಕ್ಕೆ ಭೂತಾನ್, ಮಾಲ್ಡೀವ್ಸ್‌ಗಳಿಂದ ಶುರುವಾಯಿತು. ನಿಲ್ಲಿಸುವ ಹೊತ್ತಿಗೆ ಸುಮಾರು 6.6 ಕೋಟಿ ಡೋಸ್ ಹೋಗಿತ್ತು. ಅದರಲ್ಲಿ ಉಡುಗೊರೆ ಸುಮಾರು 1 ಕೋಟಿ ಮಾತ್ರ. ಸುಮಾರು 2 ಕೋಟಿ ಬಡ ದೇಶಗಳಿಗಾಗಿ ಮಾಡಿದ್ದ ಕೋವ್ಯಾಕ್ಸ್ ವ್ಯವಸ್ಥೆಗೆ ಹೋಯಿತು. ಉಳಿದದ್ದು ಕಂಪನಿಗಳ ವ್ಯಾಪಾರ. ಮಾರ್ಚ್ ಕೊನೆಯಲ್ಲಿ ವಿಶ್ವಸಂಸ್ಥೆಯಲ್ಲಿ ನಮ್ಮ ಪ್ರತಿನಿಧಿ, ಸ್ವಂತ ಜನರಿಗೆ ಕೊಟ್ಟದ್ದಕ್ಕಿಂತ ಜಾಸ್ತಿ ಹೊರಗೆ ಕೊಟ್ಟಿದ್ದೇವೆ ಅಂತ ಹೆಮ್ಮೆಯಿಂದಲೇ ಹೇಳಿದ್ದರು. ಮೇ ತಿಂಗಳಲ್ಲಿ ಆ ವಿಡಿಯೊ ಮನೆ ಮನೆಯ ಫೋನಿಗೆ ಬಂದಾಗ ಜನ ಎಷ್ಟು ನೊಂದರು ಅಂತ ನಾನು ನೋಡಿದ್ದೇನೆ.

ಆದರೂ ರಫ್ತನ್ನೇ ಪೂರ್ತಿ ದೂರುವುದು ನನಗೆ ಒಪ್ಪಿಗೆ ಇಲ್ಲ. ಆ 6.6 ಕೋಟಿ ಇಲ್ಲೇ ಉಳಿದಿದ್ದರೂ 188 ಕೋಟಿಯ ಹಳ್ಳ ತುಂಬುತ್ತಿರಲಿಲ್ಲ. ಇನ್ನೊಂದು ಮಾತೂ ಇದೆ. ಸೀರಂ ಬಡ ದೇಶಗಳಿಗೆ ಕೊಡುತ್ತೇನೆ ಅಂತ ಮಾತು ಕೊಟ್ಟಿತ್ತು. ನಾವು ಏಪ್ರಿಲ್‌ನಲ್ಲಿ ಬಾಗಿಲು ಹಾಕಿಕೊಂಡಾಗ ಆಫ್ರಿಕಾದಲ್ಲಿ ಮೊದಲ ಡೋಸ್ ಹಾಕಿಸಿಕೊಂಡ ನರ್ಸ್‌ಗಳು ಎರಡನೆಯದಕ್ಕೆ ತಿಂಗಳುಗಟ್ಟಲೆ ಕಾದರು. 2021 ಮುಗಿದಾಗ ಆ ಖಂಡದಲ್ಲಿ ಪೂರ್ತಿ ಲಸಿಕೆ ಆದವರು ನೂರಕ್ಕೆ 10ಕ್ಕಿಂತ ಕಡಿಮೆ. ನಮ್ಮ ತಡ ಅವರ ತಡವೂ ಆಯಿತು.

ಎಲ್ಲ ವೃದ್ಧರಿಗೂ ಬೇಗ ಕೊಟ್ಟಿದ್ದರೆ ಎರಡನೇ ಅಲೆ ತಪ್ಪುತ್ತಿತ್ತಾ?

ಅಲೆ ತಪ್ಪುತ್ತಿರಲಿಲ್ಲ. ಫೆಬ್ರವರಿಯ ನಡುವಿನಿಂದಲೇ ಸೋಂಕು ಏರತೊಡಗಿತ್ತು. ಮೇ ಮೊದಲ ವಾರಕ್ಕೆ ದಿನಕ್ಕೆ 4 ಲಕ್ಷ ದಾಟಿತು. ಅಷ್ಟು ಕಡಿಮೆ ಹೊತ್ತಿನಲ್ಲಿ ಇಡೀ ದೇಶಕ್ಕೆ ಲಸಿಕೆ ಯಾರಿಂದಲೂ ಆಗುತ್ತಿರಲಿಲ್ಲ. ಸಾವು ಕಡಿಮೆ ಆಗುತ್ತಿತ್ತಾ ಅಂತ ಕೇಳಿ. ನನ್ನ ಉತ್ತರ ಹೌದು. ದೇಶದಲ್ಲಿ 60 ದಾಟಿದವರು ಸುಮಾರು 14 ಕೋಟಿ. ಸೀರಂ ಆಗ ತಿಂಗಳಿಗೆ 6ರಿಂದ 7 ಕೋಟಿ ಡೋಸ್ ಮಾಡುತ್ತಿತ್ತು. ಕೂಡಿಸಿ ನೋಡಿ. ಜನವರಿಯಿಂದ ಏಪ್ರಿಲ್‌ವರೆಗೆ ಸಿಕ್ಕಿದ್ದನ್ನು ಹಿರಿಯರಿಗೇ ಮೊದಲು ಕೊಟ್ಟಿದ್ದರೆ ಬಹುಪಾಲು ಅಜ್ಜ ಅಜ್ಜಿಯರಿಗೆ ಒಂದು ಡೋಸ್ ಆದರೂ ಆಗುತ್ತಿತ್ತು. ಆದರೆ ಫೆಬ್ರವರಿ ಕೊನೆಯವರೆಗೆ ದೇಶದಲ್ಲಿ ಕೊಟ್ಟದ್ದು ಒಂದೂವರೆ ಕೋಟಿಯೂ ಅಲ್ಲ. ಕೊರೊನಾ ಮುಗಿಯಿತು ಅಂತ ನಂಬಿದ ತಿಂಗಳುಗಳು ಅವು. ನಾವೂ ನಂಬಿದ್ದೆವು. ನಮ್ಮ ದೊಡ್ಡಮ್ಮ ‘ಮೊಮ್ಮಗನ ನಾಮಕರಣ ಮುಗಿಸಿ ಹಾಕಿಸಿಕೊಳ್ಳುತ್ತೀನಿ’ ಅಂದಾಗ ಯಾರೂ ಒತ್ತಾಯ ಮಾಡಲಿಲ್ಲ. ಏಪ್ರಿಲ್ 26ಕ್ಕೆ ಅವರು ಹೋದರು.

ಮೇ 1ರ ಹೊಸ ನೀತಿಗೆ ಯಾಕೆ ಅಷ್ಟು ವಿರೋಧ ಬಂತು?

ಅಲ್ಲಿಯವರೆಗೆ ಕೇಂದ್ರವೇ ಕೊಂಡು ರಾಜ್ಯಗಳಿಗೆ ಹಂಚುತ್ತಿತ್ತು. ಮೇ 1ರಿಂದ ಅರ್ಧ ಮಾತ್ರ ಕೇಂದ್ರಕ್ಕೆ, ಉಳಿದರ್ಧವನ್ನು ರಾಜ್ಯಗಳೂ ಖಾಸಗಿ ಆಸ್ಪತ್ರೆಗಳೂ ತಾವೇ ಕೊಂಡುಕೊಳ್ಳಬೇಕು ಅಂದರು. ಅದೇ ಕೋವಿಶೀಲ್ಡ್ ಕೇಂದ್ರಕ್ಕೆ 150 ರೂಪಾಯಿ. ರಾಜ್ಯಕ್ಕೆ ಮೊದಲು 400 ಹೇಳಿ, ಗಲಾಟೆ ಆದ ಮೇಲೆ 300. ಖಾಸಗಿಗೆ 600. ಕೋವ್ಯಾಕ್ಸಿನ್ ರಾಜ್ಯಕ್ಕೆ 600 ಇದ್ದದ್ದು 400ಕ್ಕೆ ಇಳಿಯಿತು, ಖಾಸಗಿಗೆ 1,200. ಸರಕು ಇರುವುದೇ ಸ್ವಲ್ಪ. ಅದನ್ನು ಕೊಳ್ಳಲು ಒಂದೇ ಸಲ ನೂರಾರು ಕೈ ಚಾಚಿದವು.

ಕರ್ನಾಟಕದಲ್ಲಿ ಏನಾಯಿತು ನೋಡಿ. ಮೇ 1ಕ್ಕೆ 18ರಿಂದ 44ರವರಿಗೆ ಶುರು ಅಂದಿದ್ದರು. ದಾಸ್ತಾನಿಲ್ಲ ಅಂತ ಮುಂದೆ ಹೋಗಿ ಮೇ 10ಕ್ಕೆ ಶುರುವಾಯಿತು. ನಾಲ್ಕೇ ದಿನ. ಮೇ 14ರಿಂದ ಮತ್ತೆ ನಿಂತಿತು. 45 ದಾಟಿದವರ ಎರಡನೇ ಡೋಸ್‌ಗೇ ಲಸಿಕೆ ಸಾಲದಾಗಿತ್ತು. ಎರಡನೇ ಡೋಸ್ ಬಾಕಿ ಇರುವವರಿಗೆ ಹೇಗೆ ಕೊಡುತ್ತೀರಿ ಅಂತ ಹೈಕೋರ್ಟ್ ಸರ್ಕಾರವನ್ನು ಕೇಳಿತು. ಆಗ ಕೇಂದ್ರ ಸಚಿವರಾಗಿದ್ದ ಡಿ.ವಿ. ಸದಾನಂದ ಗೌಡರು, ನಾಳೆಯೇ ಕೊಡಿ ಅಂತ ಕೋರ್ಟ್ ಹೇಳಿದರೆ, ತಯಾರೇ ಆಗದಿದ್ದರೆ ನಾವೇನು ನೇಣು ಹಾಕಿಕೊಳ್ಳಬೇಕಾ ಅಂತ ಕೇಳಿಬಿಟ್ಟರು. ಸಾಲಿನಲ್ಲಿ ನಿಂತು ಬರಿಗೈಲಿ ಮನೆಗೆ ಹೋದವರಿಗೆ ಅದು ಎಂಥ ಮಾತು! ಮಾತಿನಲ್ಲಿ ಒಂದು ನಿಜ ಇತ್ತು, ಆದೇಶದಿಂದ ಲಸಿಕೆ ಹುಟ್ಟುವುದಿಲ್ಲ. ಆದರೆ ಹೊತ್ತಿಗೆ ಸರಿಯಾಗಿ ಆರ್ಡರ್ ಕೊಟ್ಟಿದ್ದರೆ ಹುಟ್ಟುತ್ತಿತ್ತು.

ರಾಜ್ಯಗಳು ಜಾಗತಿಕ ಟೆಂಡರ್ ಕರೆದವು. ಕರ್ನಾಟಕವೂ 2 ಕೋಟಿ ಡೋಸ್‌ಗೆ ಕರೆಯಿತು. ಪ್ರಯೋಜನ ಆಗಲಿಲ್ಲ. ಪಂಜಾಬ್ ಕೇಳಿದ್ದಕ್ಕೆ ಮಾಡೆರ್ನಾ ಕಂಪನಿ, ನಾವು ಭಾರತ ಸರ್ಕಾರದ ಜೊತೆ ಮಾತ್ರ ವ್ಯವಹಾರ ಮಾಡುತ್ತೇವೆ ಅಂದಿತು. ಒಂದೇ ದೇಶದ ರಾಜ್ಯಗಳು ಹೊರಗಿನ ಬಾಗಿಲಲ್ಲಿ ಒಬ್ಬರಿಗೊಬ್ಬರು ಪೈಪೋಟಿಗೆ ನಿಂತದ್ದು ನನಗೆ ಇವತ್ತಿಗೂ ಬೇಸರದ ನೆನಪು.

18ರಿಂದ 44ರವರು ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕಾದ ಆ ನೀತಿ ಮೇಲ್ನೋಟಕ್ಕೇ ಮನಸ್ಸಿಗೆ ಬಂದಂತೆ ಮಾಡಿದ್ದು, ತರ್ಕವಿಲ್ಲದ್ದು ಅಂತ ಸುಪ್ರೀಂ ಕೋರ್ಟ್ ಮೇ 31ರ ಆದೇಶದಲ್ಲಿ ಹೇಳಿತು. ಜೂನ್ 7ರಂದು ಪ್ರಧಾನಿ ನರೇಂದ್ರ ಮೋದಿ ನೀತಿ ಬದಲಿಸಿದರು. ಜೂನ್ 21ರಿಂದ ಕೇಂದ್ರವೇ 75 ಭಾಗ ಕೊಂಡು ಎಲ್ಲ ವಯಸ್ಕರಿಗೂ ಉಚಿತವಾಗಿ ಕೊಡುವುದು, ಖಾಸಗಿಗೆ 25 ಭಾಗ ಅಂತಾಯಿತು.

ಕೋವಿನ್‌ನಲ್ಲಿ ಸ್ಲಾಟ್ ಯಾಕೆ ಸಿಗುತ್ತಿರಲಿಲ್ಲ? ಬೆಂಗಳೂರಿನವರು ಹಳ್ಳಿಗೆ ಹೋಗಿ ಹಾಕಿಸಿಕೊಂಡದ್ದು ನಿಜವಾ?

ನಿಜ. ನಾನೇ ಹೋಗಿದ್ದೆ.

18ರಿಂದ 44ರವರು ಆಗ ಮೊದಲೇ ಸರ್ಕಾರದ ಲಸಿಕೆ ಜಾಲತಾಣ ಕೋವಿನ್‌ನಲ್ಲಿ ಬುಕ್ ಮಾಡಲೇಬೇಕಿತ್ತು. ಸ್ಲಾಟ್ ಬಂದ ಸೆಕೆಂಡುಗಳಲ್ಲಿ ಖಾಲಿ. ಹುಡುಗರು ಟೆಲಿಗ್ರಾಂ ಗುಂಪು ಮಾಡಿಕೊಂಡು, ಸ್ಲಾಟ್ ತೆರೆದ ತಕ್ಷಣ ಸದ್ದು ಮಾಡುವ ಪ್ರೋಗ್ರಾಂ ಬರೆದುಕೊಂಡು ಕೂತಿರುತ್ತಿದ್ದರು. ಬೆಂಗಳೂರಿನಲ್ಲಿ ಸಿಗದಿದ್ದರೆ ಚಿಕ್ಕಬಳ್ಳಾಪುರ, ಕೋಲಾರ, ದೊಡ್ಡಬಳ್ಳಾಪುರ. ಮೇ ಎರಡನೇ ವಾರ ನನಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಸಿಕ್ಕಿತು. ಲಾಕ್‌ಡೌನ್ ಇತ್ತು. ಮೆಸೇಜ್ ತೋರಿಸಿದರೆ ಪೊಲೀಸರು ಬಿಡುತ್ತಿದ್ದರು. ಅಲ್ಲಿ ಹೋಗಿ ನೋಡಿದರೆ ಆವರಣದ ತುಂಬ ಬೆಂಗಳೂರಿನ ಕಾರುಗಳು. ಹೊರಗೆ ಹುಣಸೆ ಮರದ ಕೆಳಗೆ ಊರಿನವರು, ಬಹುಪಾಲು ವಯಸ್ಸಾದವರು, ಎರಡನೇ ಡೋಸ್‌ಗೆ ಬೆಳಗಿನಿಂದ ಕೂತಿದ್ದರು. ಒಬ್ಬ ಅಜ್ಜಿ ನನ್ನನ್ನು ಕೇಳಿದರು, ‘ನಿಮ್ಮೂರಾಗೆ ಆಸ್ಪತ್ರೆ ಇಲ್ವಾ ತಾಯಿ?’ ಏನು ಹೇಳಲಿ? ನನಗೆ ಸಿಕ್ಕಿತು. ಆ ಅಜ್ಜಿಗೆ ಅವತ್ತು ಸಿಗಲಿಲ್ಲ.

ಕೋವಿನ್ ಕೆಟ್ಟ ವ್ಯವಸ್ಥೆ ಅಂತ ನಾನು ಹೇಳುವುದಿಲ್ಲ. ಲೆಕ್ಕ ಇಡಲು, ಪ್ರಮಾಣಪತ್ರ ಕೊಡಲು ಅದು ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಕೊರತೆ ಇರುವಾಗ ಫೋನಿನಲ್ಲಿ ಮೊದಲು ಬಂದವರಿಗೆ ಮೊದಲು ಅಂತ ಇಟ್ಟರೆ ಗೆಲ್ಲುವುದು ಯಾರು? ಒಳ್ಳೆ ಇಂಟರ್ನೆಟ್ ಇರುವವರು, ಹಗಲಿಡೀ ಪರದೆ ಮುಂದೆ ಕೂರಬಲ್ಲವರು. ಗಾರೆ ಕೆಲಸದವರಿಗೆ, ಹೂ ಮಾರುವವರಿಗೆ ಸಾಧ್ಯವಾ? ಅದರಲ್ಲಿ ಕನ್ನಡವೂ ಇರಲಿಲ್ಲ. ಕನ್ನಡ ಸೇರಿ ಬೇರೆ ಭಾರತೀಯ ಭಾಷೆಗಳು ಬಂದದ್ದು ಜೂನ್‌ನಲ್ಲಿ. ಸರ್ಕಾರಿ ಕೇಂದ್ರಗಳಲ್ಲಿ ಬುಕಿಂಗ್ ಇಲ್ಲದೆ ನೇರವಾಗಿ ಬಂದ ಕಿರಿಯರಿಗೂ ಕೊಡಬಹುದು ಅಂತ ಮೇ 24ಕ್ಕೆ ಒಪ್ಪಿದರು. ಈ ಎರಡು ಬದಲಾವಣೆ ಮೊದಲ ದಿನವೇ ಇರಬೇಕಿತ್ತು.

ಕೋವಿಶೀಲ್ಡ್ ಎರಡನೇ ಡೋಸ್‌ಗೆ 84 ದಿನ ಕಾಯಿಸಿದ್ದು ವಿಜ್ಞಾನಕ್ಕಾ, ಕೊರತೆ ಮುಚ್ಚಲಿಕ್ಕಾ?

ಎರಡೂ ಇದ್ದಿರಬಹುದು ಅನ್ನುವುದು ನನ್ನ ಅಭಿಪ್ರಾಯ. ಶುರುವಿನಲ್ಲಿ ಅಂತರ 4ರಿಂದ 6 ವಾರ ಇತ್ತು. ಮಾರ್ಚ್ 22ಕ್ಕೆ 6ರಿಂದ 8 ವಾರ ಮಾಡಿದರು. ಮೇ 13ಕ್ಕೆ 12ರಿಂದ 16 ವಾರ, ಅಂದರೆ ಕನಿಷ್ಠ 84 ದಿನ. ಕೊರತೆ ಕುತ್ತಿಗೆಗೆ ಬಂದ ವಾರದಲ್ಲೇ ಇದು ಬಂದಿದ್ದರಿಂದ ಜನಕ್ಕೆ ಅನುಮಾನ ಬಂದದ್ದು ಸಹಜ.

ಆಧಾರ ಇಲ್ಲದೆ ಮಾಡಿದ್ದಲ್ಲ. ಅಂತರ 12 ವಾರ ಇದ್ದಾಗ ಇದೇ ಲಸಿಕೆಯ ಪರಿಣಾಮ 81%, 6 ವಾರಕ್ಕಿಂತ ಕಡಿಮೆ ಇದ್ದಾಗ 55% ಅಂತ ಆಕ್ಸ್‌ಫರ್ಡ್ ತಂಡದ ಅಧ್ಯಯನ ಹೇಳಿತ್ತು. ಬ್ರಿಟನ್ 2020ರ ಡಿಸೆಂಬರ್ ಕೊನೆಯಲ್ಲೇ 12 ವಾರಕ್ಕೆ ಹೋಗಿತ್ತು. ಆದರೆ ಆ ಲೆಕ್ಕ ವೈರಸ್‌ನ ಹೊಸ ರೂಪ ಡೆಲ್ಟಾ ಬರುವ ಮೊದಲಿನದು. ಡೆಲ್ಟಾ ಎದುರು ಒಂದೇ ಡೋಸ್‌ನ ರಕ್ಷಣೆ ಬಹಳ ಕಡಿಮೆ ಅಂತ ಮೇ ತಿಂಗಳಲ್ಲೇ ಗೊತ್ತಾಗತೊಡಗಿತು. ನಾವು ಅಂತರ ಹೆಚ್ಚಿಸಿದ ಮಾರನೇ ದಿನ, ಮೇ 14ಕ್ಕೆ, ಅದೇ ಡೆಲ್ಟಾದ ಭಯಕ್ಕೆ ಬ್ರಿಟನ್ 50 ದಾಟಿದವರಿಗೆ 12 ವಾರವನ್ನು 8ಕ್ಕೆ ಇಳಿಸಿತು! ಜೂನ್‌ನಲ್ಲಿ ನಮ್ಮ ಸಲಹಾ ಸಮಿತಿಯ ಮೂವರು ಸದಸ್ಯರೇ 12 ವಾರ ದಾಟಿಸಲು ಸಾಕಷ್ಟು ಆಧಾರ ಇರಲಿಲ್ಲ ಅಂತ ಸುದ್ದಿಸಂಸ್ಥೆಗೆ ಹೇಳಿದರು. ನಿರ್ಧಾರ ಒಮ್ಮತದ್ದೇ ಅಂತ ಸರ್ಕಾರ ಹೇಳಿತು.

ಲಸಿಕೆ ಕಡಿಮೆ ಇದೆ, ಹೆಚ್ಚು ಜನಕ್ಕೆ ಒಂದೊಂದು ಡೋಸ್ ಆದರೂ ಸಿಗಲಿ ಅಂತ ಅಂತರ ಹೆಚ್ಚಿಸುತ್ತಿದ್ದೇವೆ ಅಂತ ನೇರವಾಗಿ ಹೇಳಿದ್ದರೆ ಜನ ಒಪ್ಪುತ್ತಿದ್ದರು. ಬ್ರಿಟನ್ ಹಾಗೆಯೇ ಹೇಳಿತ್ತು.

ವಿದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರಿಗೆ ಜೂನ್ 7ರಿಂದ 28 ದಿನಕ್ಕೇ ಎರಡನೇ ಡೋಸ್ ಕೊಟ್ಟರು. ಕೋವ್ಯಾಕ್ಸಿನ್ ಹಾಕಿಸಿಕೊಂಡಿದ್ದವರ ಕಷ್ಟ ಬೇರೆ. ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು ನವೆಂಬರ್ 3ಕ್ಕೆ. ಅಲ್ಲಿಯವರೆಗೆ ಗಲ್ಫ್‌ಗೆ ವಾಪಸ್ ಹೋಗಬೇಕಿದ್ದ ಎಷ್ಟೋ ಜನ ಊರಲ್ಲೇ ಉಳಿದರು.

ಲಸಿಕೆ ಬೇಡ ಅಂದವರು ಜನರೇ ಅಲ್ವಾ?

ಮೊದಲ ಎರಡು ತಿಂಗಳು ಹೌದು. ಜನವರಿ 16ರಂದು ಸುಮಾರು 3 ಲಕ್ಷ ಜನಕ್ಕೆ ಅಂತ ಅಂದುಕೊಂಡಿದ್ದರು, ಬಂದವರು 2 ಲಕ್ಷದ ಹತ್ತಿರ. ಆಸ್ಪತ್ರೆಯವರೇ ಹಿಂದೇಟು ಹಾಕಿದ್ದರು. ಅದಕ್ಕೂ ಕಾರಣ ಇತ್ತು. ಮೂರನೇ ಹಂತದ ಪರೀಕ್ಷೆಯ ಫಲಿತಾಂಶ ಬರುವ ಮೊದಲೇ, ಜನವರಿ 3ಕ್ಕೆ, ಕೋವ್ಯಾಕ್ಸಿನ್‌ಗೆ ಅನುಮತಿ ಕೊಟ್ಟಿದ್ದರು. ಲಸಿಕೆ ಆಮೇಲೆ ಒಳ್ಳೆಯದೇ ಅಂತ ಗೊತ್ತಾಯಿತು. ಜುಲೈನಲ್ಲಿ ಬಂದ ಅಂತಿಮ ಲೆಕ್ಕದಲ್ಲಿ 77.8% ಪರಿಣಾಮ. ಆದರೆ ಜನವರಿಯಲ್ಲಿ ಬಿತ್ತಿದ ಅನುಮಾನ ಜುಲೈಗೆ ಹೋಗಲಿಲ್ಲ.

ಏಪ್ರಿಲ್ ಬಂದ ಮೇಲೆ ಮಾತ್ರ ಜನರನ್ನು ದೂರಬೇಡಿ. ಆಸ್ಪತ್ರೆ ಬಾಗಿಲಲ್ಲಿ ಬೆಳಗಿನ ಐದಕ್ಕೇ ಸಾಲು ಇರುತ್ತಿತ್ತು, ಒಳಗೆ ‘ಲಸಿಕೆ ಲಭ್ಯವಿಲ್ಲ’ ಅನ್ನುವ ಬೋರ್ಡ್ ಇರುತ್ತಿತ್ತು. ಬೇಕು ಅನ್ನುವವರಿಗಲ್ಲ, ಅಗತ್ಯ ಇರುವವರಿಗೆ ಲಸಿಕೆ ಅಂತ ಏಪ್ರಿಲ್ 6ಕ್ಕೆ ಕೇಂದ್ರದ ಆರೋಗ್ಯ ಕಾರ್ಯದರ್ಶಿ ಹೇಳಿದ್ದರು. ಅಗತ್ಯ ಇದ್ದವರಿಗೂ ಸಿಗಲಿಲ್ಲವಲ್ಲ.

ಹಳ್ಳಿಗಳ ಭಯ ಬೇರೆ ಥರ. ಜ್ವರ ಬಂದರೆ ಎರಡು ದಿನದ ಕೂಲಿ ಹೋಗುತ್ತದೆ ಅನ್ನುವುದು ನಿಜವಾದ ಭಯ. ಅದನ್ನು ಬಿಡಿಸಿದ್ದು ಆಶಾ ಕಾರ್ಯಕರ್ತೆಯರು. ನವೆಂಬರ್‌ನಲ್ಲಿ ಮನೆ ಮನೆಗೆ ಹೋಗುವ ಅಭಿಯಾನ ಶುರುವಾದಾಗ ಹೊಲಕ್ಕೇ ಹೋಗಿ ಹಾಕಿ ಬಂದರು. ಬಿಸಿಲು, ಮಳೆ, ಬೈಗುಳ ಎಲ್ಲ ಅವರ ಪಾಲಿಗೆ. ಅವರಿಗೆ ಸಿಕ್ಕ ಗೌರವಧನ ಈ ಕೆಲಸಕ್ಕೆ ಏನೇನೂ ಸಾಲದು.

ಲಸಿಕೆ ಹಾಳು ಮಾಡಿದ್ದರಿಂದ ಕೊರತೆ ಆಯಿತಾ?

ಇಲ್ಲ. ಕೋವಿಶೀಲ್ಡ್‌ನ ಒಂದು ಸೀಸೆಯಲ್ಲಿ 10 ಡೋಸ್. ತೆರೆದ ಮೇಲೆ 4 ಗಂಟೆಯೊಳಗೆ ಮುಗಿಸಬೇಕು. ಸಂಜೆ ಮೂರೇ ಜನ ಬಂದರೆ ಉಳಿದದ್ದು ವ್ಯರ್ಥ. ಅಷ್ಟು ಸಹಜ. ಆದರೆ ಸೀಸೆಯಲ್ಲಿ ಸ್ವಲ್ಪ ಹೆಚ್ಚಿಗೆ ತುಂಬಿರುತ್ತಾರೆ. ಕೇರಳದ ನರ್ಸ್‌ಗಳು ಅದನ್ನೂ ಬಿಡದೆ ಬಳಸಿ, ಬಂದ 73.38 ಲಕ್ಷ ಡೋಸ್‌ನಲ್ಲಿ 74.26 ಲಕ್ಷ ಡೋಸ್ ಕೊಟ್ಟರು.

ವೇಗ ಬಂದದ್ದು ಯಾವಾಗ? ಡಿಸೆಂಬರ್ ಗುರಿ ಏನಾಯಿತು?

ತಿಂಗಳ ಲೆಕ್ಕವೇ ಎಲ್ಲವನ್ನೂ ಹೇಳುತ್ತದೆ. ಏಪ್ರಿಲ್‌ನಲ್ಲಿ ಸುಮಾರು 9 ಕೋಟಿ ಡೋಸ್. ಹೆಚ್ಚು ಬೇಕಿದ್ದ ಮೇ ತಿಂಗಳಲ್ಲಿ 6 ಕೋಟಿ. ಜೂನ್‌ನಲ್ಲಿ 12, ಜುಲೈನಲ್ಲಿ 13, ಆಗಸ್ಟ್‌ನಲ್ಲಿ 18, ಸೆಪ್ಟೆಂಬರ್‌ನಲ್ಲಿ 23 ಕೋಟಿ ದಾಟಿತು. ನರ್ಸ್‌ಗಳು ಅವರೇ, ಆಸ್ಪತ್ರೆಗಳು ಅವೇ. ಸರಕು ಬಂತು, ವೇಗ ಬಂತು.

ಸೆಪ್ಟೆಂಬರ್ 17ರಂದು, ಪ್ರಧಾನಿಯವರ ಹುಟ್ಟುಹಬ್ಬದ ದಿನ, ಸುಮಾರು 2.5 ಕೋಟಿ ಡೋಸ್ ಕೊಟ್ಟರು. ಕರ್ನಾಟಕದಲ್ಲೇ 26 ಲಕ್ಷ ದಾಟಿತ್ತು. ದಾಖಲೆಗಾಗಿ ಹಿಂದಿನ ದಿನಗಳಲ್ಲಿ ತಡೆಹಿಡಿದಿದ್ದರು ಅಂತ ವಿರೋಧ ಪಕ್ಷಗಳು ಟೀಕಿಸಿದವು. ನನಗೆ ಅದರಲ್ಲಿ ಕಂಡದ್ದು ಬೇರೆ. ಒಂದು ದಿನಕ್ಕೆ ಎರಡೂವರೆ ಕೋಟಿ ತೋಳಿಗೆ ಚುಚ್ಚುವ ಶಕ್ತಿ ಈ ದೇಶದ ಆರೋಗ್ಯ ಸಿಬ್ಬಂದಿಗೆ ಮೊದಲಿಂದಲೂ ಇತ್ತು. ಅಕ್ಟೋಬರ್ 21ಕ್ಕೆ 100 ಕೋಟಿ, 2022ರ ಜುಲೈ 17ಕ್ಕೆ 200 ಕೋಟಿ.

2021 ಮುಗಿಯುವುದರೊಳಗೆ ಎಲ್ಲ ವಯಸ್ಕರಿಗೂ ಅಂದಿದ್ದರು. ಮೇ ತಿಂಗಳಲ್ಲಿ, ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ 216 ಕೋಟಿ ಡೋಸ್ ಬರುತ್ತದೆ ಅಂದರು. ಜೂನ್‌ನಲ್ಲಿ ಸುಪ್ರೀಂ ಕೋರ್ಟ್‌ಗೆ ಹೇಳುವಾಗ ಅದು 135 ಕೋಟಿ ಆಗಿತ್ತು. ವರ್ಷ ಮುಗಿದಾಗ ವಯಸ್ಕರಲ್ಲಿ 90%ರಷ್ಟು ಜನಕ್ಕೆ ಒಂದು ಡೋಸ್, ಮೂರನೇ ಎರಡು ಭಾಗಕ್ಕಿಂತ ಸ್ವಲ್ಪ ಕಡಿಮೆ ಜನಕ್ಕೆ ಎರಡೂ ಆಗಿತ್ತು. ಸಣ್ಣ ಕೆಲಸ ಅಲ್ಲ. ಆದರೆ ಕೊಟ್ಟ ಮಾತೂ ಅದಲ್ಲ.

ಬೇರೆ ದೇಶಗಳಲ್ಲೂ ಈ ಜಗಳ ಇತ್ತಾ?

ಎಲ್ಲ ಕಡೆ ಇತ್ತು. ಯುರೋಪ್ ಒಕ್ಕೂಟ ಒಟ್ಟಾಗಿ ಕೊಳ್ಳಲು ಹೋಗಿ ತಡವಾಯಿತು. 2021ರ ಮೊದಲ ಮೂರು ತಿಂಗಳಲ್ಲಿ, ಕೋವಿಶೀಲ್ಡನ್ನು ಆಕ್ಸ್‌ಫರ್ಡ್ ಜೊತೆ ರೂಪಿಸಿದ ಕಂಪನಿ ಆಸ್ಟ್ರಾಜೆನೆಕಾದಿಂದ 12 ಕೋಟಿ ಡೋಸ್ ಬರಬೇಕಿತ್ತು, ಬಂದದ್ದು 3 ಕೋಟಿ. ವಿಷಯ ಕೋರ್ಟಿಗೆ ಹೋಯಿತು. ಆಸ್ಟ್ರೇಲಿಯಾದ ಪ್ರಧಾನಿ ಸ್ಕಾಟ್ ಮಾರಿಸನ್ ‘ಇದು ಓಟದ ಪಂದ್ಯ ಅಲ್ಲ’ ಅಂದಿದ್ದರು. ಆಮೇಲೆ ಸಿಡ್ನಿ, ಮೆಲ್ಬರ್ನ್ ತಿಂಗಳುಗಟ್ಟಲೆ ಮನೆಯೊಳಗೆ ಕೂರಬೇಕಾದಾಗ ಅದೇ ಮಾತು ಅವರಿಗೆ ತಿರುಗಿ ಬಂತು.

ನನಗೆ ಇಷ್ಟವಾಗುವ ಉದಾಹರಣೆ ಭೂತಾನ್. ಜನವರಿಯಿಂದ ಭಾರತ ಕೊಟ್ಟ ಕೋವಿಶೀಲ್ಡನ್ನು ಅವರು ತಕ್ಷಣ ಬಳಸಲಿಲ್ಲ. ಎಲ್ಲರಿಗೂ ಸಾಲುವಷ್ಟು ಬರುವವರೆಗೆ ಕಾದರು. ಮಾರ್ಚ್ 27ಕ್ಕೆ ಶುರು ಮಾಡಿ ಎರಡು ವಾರದೊಳಗೆ 90%ಕ್ಕೂ ಜಾಸ್ತಿ ವಯಸ್ಕರಿಗೆ ಹಾಕಿದರು. ನಡೆದು ಹೋಗಬೇಕಾದ ಬೆಟ್ಟದ ಹಳ್ಳಿಗಳಿಗೂ ಹೋದರು.

ಹಾಗಾದರೆ ಆತುರದಲ್ಲಿ ಅನುಮತಿ ಕೊಟ್ಟದ್ದರಿಂದ ಈಗ ಹೃದಯಾಘಾತ ಆಗುತ್ತಿದೆಯಾ?

2025ರ ಜೂನ್‌ನಲ್ಲಿ ಹಾಸನದಲ್ಲಿ 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಅಂತ ಸುದ್ದಿ ಬಂತು. ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಆತುರದ ಅನುಮತಿ ಮತ್ತು ಹಂಚಿಕೆಯೂ ಕಾರಣ ಇರಬಹುದು ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಜುಲೈ 1ರಂದು ಹೇಳಿದರು. ಭಯ ಇನ್ನೂ ಹೆಚ್ಚಾಯಿತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಎದೆ ಪರೀಕ್ಷೆಗೆ ಜನ ಮುಗಿಬಿದ್ದರು.

ರಾಜ್ಯ ಸರ್ಕಾರವೇ ನೇಮಿಸಿದ, ಆಗ ಜಯದೇವ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಏನು ಹೇಳಿತು? ಚಿಕ್ಕ ವಯಸ್ಸಿನ ಹೃದಯ ಕಾಯಿಲೆಗೂ ಕೋವಿಡ್ ಲಸಿಕೆಗೂ ಸಂಬಂಧ ಕಾಣಲಿಲ್ಲ ಅಂತ. ಅದಕ್ಕೂ ಮೊದಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 47 ಆಸ್ಪತ್ರೆಗಳಲ್ಲಿ 18ರಿಂದ 45ರವರ ಹಠಾತ್ ಸಾವುಗಳನ್ನು ಪರಿಶೀಲಿಸಿತ್ತು. ಲಸಿಕೆಯಿಂದ ಅಪಾಯ ಹೆಚ್ಚಿಲ್ಲ, ಎರಡು ಡೋಸ್ ಆದವರಲ್ಲಿ ಅಪಾಯ ಕಡಿಮೆ ಇತ್ತು ಅಂತ ಕಂಡಿತ್ತು.

ಅಡ್ಡಪರಿಣಾಮವೇ ಇರಲಿಲ್ಲ ಅಂತಲ್ಲ. ಕೋವಿಶೀಲ್ಡ್‌ನಿಂದ ರಕ್ತ ಹೆಪ್ಪುಗಟ್ಟುವ ಬಹಳ ಅಪರೂಪದ ತೊಂದರೆ ಇತ್ತು. 2024ರಲ್ಲಿ ಆಸ್ಟ್ರಾಜೆನೆಕಾ ಬ್ರಿಟನ್ ಕೋರ್ಟಿನಲ್ಲಿ ಒಪ್ಪಿಕೊಂಡಾಗ ಹೊಸ ಗುಟ್ಟು ಬಯಲಾದಂತೆ ಸುದ್ದಿ ಆಯಿತು. ಆದರೆ ನಮ್ಮ ಸರ್ಕಾರಿ ಸಮಿತಿ 2021ರ ಮೇ ತಿಂಗಳಲ್ಲೇ ಇದನ್ನು ಪ್ರಕಟಿಸಿತ್ತು: 10 ಲಕ್ಷ ಡೋಸ್‌ಗೆ 0.61 ಪ್ರಕರಣ. ಅದು ಸಾಮಾನ್ಯವಾಗಿ ಲಸಿಕೆ ಆದ ಕೆಲವೇ ವಾರಗಳಲ್ಲಿ ಕಾಣುವ ತೊಂದರೆ, ನಾಲ್ಕು ವರ್ಷ ಆದ ಮೇಲೆ ಬರುವಂಥದ್ದಲ್ಲ. ಆ ಅಪರೂಪದ ತೊಂದರೆಯಿಂದ ಮಕ್ಕಳನ್ನು ಕಳೆದುಕೊಂಡ ಮನೆಗಳೂ ಇವೆ. ಅವರಿಗೆ ಪರಿಹಾರ ಸಿಗಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ.

ನಿಮಗೆ ಎದೆ ನೋವು, ಎಡಗೈ ಸೆಳೆತ, ಬೆವರು ಬಂದರೆ ಲಸಿಕೆಯ ಯೋಚನೆ ಬಿಟ್ಟು ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಬಿಪಿ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಇದ್ದರೆ ಇನ್ನೂ ಬೇಗ.

ಯಾವ ಲಸಿಕೆ ಹಾಕಿಸಿಕೊಂಡೆ ಅನ್ನೋದೇ ಮರೆತುಹೋಗಿದೆ. ಗೊತ್ತಾಗುತ್ತಾ?

ಗೊತ್ತಾಗುತ್ತದೆ. ಡಿಜಿಲಾಕರ್‌ನಲ್ಲಿ ಪ್ರಮಾಣಪತ್ರ ಇಳಿಸಿಕೊಳ್ಳಬಹುದು. ಲಸಿಕೆಯ ಹೆಸರು, ತಾರೀಕು, ಬ್ಯಾಚ್ ಸಂಖ್ಯೆ, ಹಾಕಿಸಿಕೊಂಡ ಜಾಗ ಎಲ್ಲ ಇರುತ್ತದೆ. ಮನೆಯ ಹಿರಿಯರದ್ದೂ ತೆಗೆದು ಪ್ರಿಂಟ್ ಹಾಕಿಸಿ ಇಡಿ. ನನ್ನದನ್ನು ಮೊನ್ನೆ ತೆಗೆದು ನೋಡಿದೆ. ಕೋವಿಶೀಲ್ಡ್, ಚಿಕ್ಕಬಳ್ಳಾಪುರ ಜಿಲ್ಲೆ ಅಂತಿದೆ. ಆ ಅಜ್ಜಿಯ ಎರಡನೇ ಡೋಸ್ ಯಾವಾಗ ಆಯಿತೋ, ಅವರ ಹೆಸರು ಕೇಳಿಕೊಂಡಿದ್ದರೆ ಚೆನ್ನಾಗಿತ್ತು.